ಶೇವಂತೆವ್ವ ಬಡಿಸಿದ ಹೋಳಿಗೆ

ನಮ್ಮ ದೊಡ್ಡವ್ವ ಶೇವಂತೆವ್ವನ ಮನೆಗೆ ಈಗ ನೀವು ಹೋದರೆ ಕೂರಲು ಚಾಪೆ ಹಾಕುತ್ತಾಳೆ, ಕುಡಿಯಲು ನೀರು ಕೊಡುತ್ತಾಳೆ. ಅಷ್ಟೇ. ಚಹಾ ಬೇಕೆಂದರೆ ಮಗಳು ಕರುಣಾ ಸಾಲೆಯಿಂದ ಬರುವ ತನಕ ಕಾಯಬೇಕು. ಮೊದಲು ಹೀಗಿರಲಿಲ್ಲ. ಕರೆಂಟ್ ಬಿಲ್ಲು ಕೊಡಲು ಬಂದವನನ್ನೂ "ಒಂದು ರೊಟ್ಟಿ ತಿಂದು ಹೋಗೋ ತಮ್ಮಾ" ಎಂದು ರಟ್ಟೆ ಹಿಡಿದು ಕೂರಿಸುತ್ತಿದ್ದ ಹೆಂಗಸು ಅವಳು. ಅವಳ ಮನೆಗೆ ಹೋಗುವ ದಿನ ನಾನು ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ. ತಿಂದು ಹೋದರೆ ಬೈಸಿಕೊಳ್ಳಬೇಕಾಗುತ್ತಿತ್ತು. ಈಗ ಆ ಕೈ ಯಾರಿಗೂ ಬಡಿಸುವುದಿಲ್ಲ. ಆ ಘಟನೆಯಾದ ಮೇಲೆ ಒಬ್ಬರಿಗೆ ಮಾತ್ರ ಬಡಿಸಿದ್ದಾಳೆ. ಅದನ್ನು ಕಡೆಗೆ ಹೇಳುತ್ತೇನೆ.

ನಾನು ಸಂಘಮಿತ್ರಾ, ಅವಳ ತಂಗಿಯ ಮಗಳು. ಧಾರವಾಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಜೀವಶಾಸ್ತ್ರ ಹೇಳುತ್ತೇನೆ. ನನ್ನ ಬಾಯಿ ಜೋರು ಎಂದು ಮನೆಯಲ್ಲಿ ಎಲ್ಲರ ದೂರು. ಇರಲಿ ಬಿಡಿ. ಈ ಮಾತನ್ನು ಮೆತ್ತಗೆ ಹೇಳಲು ನನಗೆ ಬರುವುದೂ ಇಲ್ಲ.

ದೊಡ್ಡವ್ವ ಹುಟ್ಟಿದ್ದು ಧಾರವಾಡದ ಹತ್ತಿರದ ಗರಗದಲ್ಲಿ, ಊರ ಅಂಚಿನ ನಮ್ಮ ಓಣಿಯಲ್ಲಿ. ನಾವೀಗ ಬೌದ್ಧರು. ಮನೆಯಲ್ಲಿ ಬುದ್ಧನ ಮುಂದೆ ಮೇಣದ ಬತ್ತಿ ಹಚ್ಚುತ್ತೇವೆ, ಮಕ್ಕಳು ಕಲಿತು ನೌಕರಿ ಹಿಡಿದಿದ್ದಾರೆ. ಆದರೆ ಊರ ಕಣ್ಣಿಗೆ ನಾವು ಮೊದಲು ಯಾರಾಗಿದ್ದೆವೋ ಈಗಲೂ ಅವರೇ. ದೊಡ್ಡವ್ವ ಸಣ್ಣ ವಯಸ್ಸಿನಲ್ಲೇ ಚರಕದ ಮುಂದೆ ಕೂತವಳು. ಅವಳು ನೂತ ನೂಲು ಬಲು ನಯ, ಎಲ್ಲಿಯೂ ಗಂಟಿಲ್ಲ. ಆ ನೂಲಿನ ಬಟ್ಟೆಯನ್ನು ಯಾರು ಯಾರೋ ಸಂತೋಷದಿಂದ ಮೈಮೇಲೆ ಹಾಕಿಕೊಂಡರು. ನೂಲಿಗೆ ಇಲ್ಲದ ಮೈಲಿಗೆ ಅವಳು ಬಡಿದ ರೊಟ್ಟಿಗೆ ಮಾತ್ರ ಇತ್ತು.

ಮದುವೆಯಾಗಿ, ಗಂಡ ಹನುಮಪ್ಪನಿಗೆ ಸರ್ಕಾರಿ ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಿ, ಮನೆಗೆ ಬೇರೆ ಬೇರೆ ಜನ ಬಂದುಹೋಗುವಂತಾದ ಮೇಲೆ ಈ ಮೈಲಿಗೆಗೆ ನಯವಾದ ಮಾತುಗಳು ಬಂದವು. ಯಾರೂ ಮುಖಕ್ಕೆ ಹೊಡೆದಂತೆ ಒಲ್ಲೆ ಎನ್ನುತ್ತಿರಲಿಲ್ಲ. ಒಬ್ಬರಿಗೆ ಸೋಮವಾರದ ಉಪವಾಸ. ಇನ್ನೊಬ್ಬರಿಗೆ ಹಲ್ಲು ನೋವು. "ಈಗರ ಊಟ ಆತ್ರಿ, ನೀರು ಕುಡಿಯಾಕೂ ಜಾಗ ಇಲ್ಲ" ಎಂದು ಹೊಟ್ಟೆ ಸವರಿಕೊಂಡು ತೋರಿಸುವವರು ಬಹಳ. ಅದೇ ಮಂದಿ ಅಂಗಡಿಯಿಂದ ಸೋಡಾ ತರಿಸಿದರೆ ಗಟಗಟ ಕುಡಿಯುತ್ತಿದ್ದರು. ಬಾಟ್ಲಿಗೆ ಮುಚ್ಚಳ ಇರುತ್ತದಲ್ಲ! ಬಾಳೆಹಣ್ಣು ಕೊಟ್ಟರೆ ತಿನ್ನುತ್ತಿದ್ದರು. ಹಣ್ಣಿಗೆ ಸಿಪ್ಪೆ ಇರುತ್ತದಲ್ಲ! ನನಗೆ ಮೈಯೆಲ್ಲ ಉರಿಯುತ್ತಿತ್ತು. ದೊಡ್ಡವ್ವ ಮಾತ್ರ, "ಇರ್ಲಿ ಬಿಡ ಸಂಘಾ, ಪಾಪ ಖರೇನ ಹಸಿವಿಲ್ಲೋ ಏನೋ" ಎನ್ನುತ್ತಿದ್ದಳು. ಹಾಗೆ ಅಂದವಳು, ಅವರು ಬಿಟ್ಟುಹೋದ ತಾಟನ್ನು ಮುಂದಿಟ್ಟುಕೊಂಡು ಎಷ್ಟೋ ಹೊತ್ತು ಕೂರುತ್ತಿದ್ದಳು. ಬೇರೆಯವರು ತನ್ನ ಮನೆಯಲ್ಲಿ ಕೂತು ಉಣ್ಣಬೇಕು, ಕೈ ನೆಕ್ಕಬೇಕು, ಇನ್ನೊಂದು ಹಾಕ್ರಿ ಅನ್ನಬೇಕು. ಬಂಗಾರ ಕೇಳಲಿಲ್ಲ, ರೇಷ್ಮೆ ಕೇಳಲಿಲ್ಲ. ಅವಳು ಬಯಸಿದ್ದು ಇದನ್ನೊಂದೇ.

ಹನುಮಪ್ಪ ದೊಡ್ಡಪ್ಪನ ಹಾಲಿನ ವಿಷಯ ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದೆ ಆದದ್ದಕ್ಕೆ ಅದೂ ಒಂದು ಕಾರಣ. ಅವನಿಗೆ ಹಾಲು ಒಗ್ಗುವುದಿಲ್ಲ. ಒಮ್ಮೆ ಸಾಹೇಬರ ಬೀಳ್ಕೊಡುಗೆ ಸಮಾರಂಭದಲ್ಲಿ ದೊಡ್ಡ ಗ್ಲಾಸಿನ ತುಂಬ ಗಟ್ಟಿ ಎಮ್ಮೆ ಹಾಲು ಕುಡಿದು, ಭಾಷಣ ಮುಗಿಯುವುದರೊಳಗೆ ಹೊಟ್ಟೆ ಹಿಡಿದುಕೊಂಡು ಓಡಿದ್ದ. ಹಾರ ಹಿಡಿದುಕೊಂಡು ನಿಲ್ಲಬೇಕಾದವನೇ ನಾಪತ್ತೆ! ದೊಡ್ಡವ್ವ ಇದನ್ನು ನಕ್ಕು ನಕ್ಕು ಹೇಳುತ್ತಿದ್ದಳು. ಹಾಲಿನಲ್ಲಿ ಒಂದು ಬಗೆಯ ಸಕ್ಕರೆ ಇರುತ್ತದೆ. ಅದನ್ನು ಒಡೆಯುವ ಕಿಣ್ವ ವಯಸ್ಸಾದಂತೆ ಅನೇಕರ ಕರುಳಿನಲ್ಲಿ ಕಡಿಮೆಯಾಗುತ್ತದೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಸುತ್ತವೆ, ಗಾಳಿ ತುಂಬುತ್ತದೆ, ಹೊಟ್ಟೆ ಗುಡುಗುಡು ಎನ್ನುತ್ತದೆ. ಫಜೀತಿ ದೊಡ್ಡದು, ಜೀವಕ್ಕೇನೂ ಅಪಾಯವಿಲ್ಲ. ಚಹಾದಲ್ಲಿ ಎರಡು ಚಮಚ ಹಾಲು ಹಾಕಿದರೆ ದೊಡ್ಡಪ್ಪನಿಗೆ ಏನೂ ಆಗುವುದಿಲ್ಲ. ಹಾಗಾಗಿ ಒಂದು ಪದಾರ್ಥ ಮೈಗೆ ಒಗ್ಗದಿರುವುದು ಎಂದರೆ ದೊಡ್ಡವ್ವ ಕಂಡದ್ದು ಇಷ್ಟನ್ನೇ. ಬಹಳ ತಿಂದರೆ ಹಿತ್ತಲಿಗೆ ಓಡಬೇಕು, ಒಂದು ತುತ್ತು ತಿಂದರೆ ಚಿಂತೆಯಿಲ್ಲ.

ಕರುಣಾ ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಟೀಚರ್. ಅಲ್ಲೇ ಖೋಲಿ ಮಾಡಿಕೊಂಡು ತಾನೇ ಅಡುಗೆ ಮಾಡಿಕೊಂಡಿದ್ದಳು. ಅದೇ ಸಾಲೆಯ ಟೀಚರ್ ಆರತಿ ಅವಳ ಜೀವದ ಗೆಳತಿ. ಆರತಿ ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನವಳು. ಅಪ್ಪ ಮುರುಗೆಪ್ಪನವರು ಕಾಳುಕಡಿಯ ವ್ಯಾಪಾರಸ್ಥರು, ಹೊಲಮನೆ ಇದ್ದ ಲಿಂಗಾಯತರು. ಈ ಹುಡುಗಿ ಮೊದಲ ದಿನವೇ ಕರುಣಾಳ ಡಬ್ಬಿಗೆ ಕೈ ಹಾಕಿ, "ನಿನ್ನ ಪಲ್ಯಾಕ ಉಪ್ಪು ಕಡಿಮಿ ಆಗೇತಿ ನೋಡ" ಎಂದು ತಪ್ಪು ತೆಗೆದವಳು. ಶೇಂಗಾ ಮಾತ್ರ ಮುಟ್ಟುತ್ತಿರಲಿಲ್ಲ. ಸಣ್ಣವಳಿದ್ದಾಗ ಚಿಕ್ಕಿ ತಿಂದು ಮುಖ ಬಾತು ಮೈತುಂಬ ತುರಿಸುವ ಕೆಂಪು ಗಂಧೆ ಎದ್ದಿದ್ದವಂತೆ. ಅವಳವ್ವ ಬಾಳವ್ವನವರು ಅದನ್ನು ಪಿತ್ತ ಎಂದುಕೊಂಡು, ಕರಿ ಕಂಬಳಿಯಿಂದ ಮೈ ತಿಕ್ಕಿ, ಅಮಸೋಲ ನೆನೆಸಿದ ಹುಳಿ ನೀರು ಕುಡಿಸಿದ್ದರು. ಸ್ವಲ್ಪ ಹೊತ್ತಿನಲ್ಲಿ ಇಳಿದಿತ್ತು. ನಮ್ಮ ಕಡೆ ಮೈಮೇಲೆ ಗಂಧೆ ಎದ್ದರೆ ಎಲ್ಲರೂ ಮಾಡುವುದು ಇದನ್ನೇ. ಅದರಿಂದ ಇಳಿಯಿತೋ, ತಾನಾಗಿ ಇಳಿಯಿತೋ ಯಾರು ಕೇಳುತ್ತಾರೆ? ಡಾಕ್ಟರ ಹತ್ತಿರ ಯಾರೂ ಕರೆದೊಯ್ಯಲಿಲ್ಲ. ಶೇಂಗಾ ಬಿಡಿಸಿದರು, ಮುಗಿಯಿತು. ಕರುಣಾ ತನ್ನ ಅಡುಗೆಯಲ್ಲಿ ಗೆಳತಿಗಾಗಿ ಶೇಂಗಾ ಹಾಕುವುದನ್ನೇ ನಿಲ್ಲಿಸಿದ್ದಳು. ಗರಗದಲ್ಲಿದ್ದ ದೊಡ್ಡವ್ವನಿಗೆ ಇದೊಂದೂ ಗೊತ್ತಿರಲಿಲ್ಲ.

ಕರುಣಾ ಧಾರವಾಡದಲ್ಲಿ ಮನೆ ಕಟ್ಟಿಸಿ ಅವ್ವ ಅಪ್ಪನನ್ನು ಕರೆತಂದಳು. ಎಲ್ಲ ಜಾತಿಯವರೂ ಇರುವ ಹೊಸ ಬಡಾವಣೆ. ಗೃಹಪ್ರವೇಶದ ದಿನ ಬೆಳಿಗ್ಗೆ ಬುದ್ಧವಂದನೆ, ಮಧ್ಯಾಹ್ನ ಊಟ. ಅಡುಗೆಯವರನ್ನು ಕರೆಸೋಣ ಎಂದರೆ ದೊಡ್ಡವ್ವ ಜಗಳಕ್ಕೇ ನಿಂತಳು. "ನನ್ನ ಮನಿ, ನನ್ನ ಒಲಿ, ನಾನ ಮಾಡ್ತೇನಿ" ಎಂದು ಹಿಂದಿನ ದಿನವೇ ಶೇಂಗಾ ಹುರಿದು, ಸಿಪ್ಪೆ ಹಾರಿಸಿ, ಬೆಲ್ಲ ಹಾಕಿ ಕುಟ್ಟಿ, ಬುಟ್ಟಿಗಟ್ಟಲೆ ಶೇಂಗಾ ಹೋಳಿಗೆ ಮಾಡಿಟ್ಟಳು. ನಾನು ಆ ದಿನ ಕ್ಲಾಸು ಮುಗಿಸಿ ಹೊರಟು, ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಮುಂದಿನದೆಲ್ಲ ಕರುಣಾ ಮತ್ತು ದೊಡ್ಡವ್ವ ನನಗೆ ಹೇಳಿದ್ದು. ದೊಡ್ಡವ್ವ ಅದನ್ನು ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿ ಕೂತಿದ್ದೆನೇನೋ ಅನ್ನಿಸುತ್ತದೆ.

ಬಡಾವಣೆಯ ಮಂದಿ ಬಂದರು. ಮನೆ ನೋಡಿದರು, ಟೈಲ್ಸ್ ಹೊಗಳಿದರು. ಊಟಕ್ಕೆ ಎಂದೊಡನೆ ಒಬ್ಬರಿಗೆ ಲಗೂ ಹೋಗುವುದಿತ್ತು, ಒಬ್ಬರಿಗೆ ಶುಗರ್ ಇತ್ತು, ಮತ್ತೊಬ್ಬರಿಗೆ ಹೊರಗಿನದು ತಿಂದರೆ ಅಲರ್ಜಿಯಂತೆ. ಹೌದು, ಆ ಶಬ್ದವನ್ನೇ ಹೇಳಿದರಂತೆ! ಸಾಲೆಯ ಕೆಲವರು ಬಾಳೆಹಣ್ಣು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದರು. ಹಾಸಿದ್ದ ಚಾಪೆಗಳು ಅರ್ಧಕ್ಕರ್ಧ ಖಾಲಿ ಇದ್ದವು. ಆಗ ಆರತಿ ಬಂದಳು. "ಅವ್ವಾರ, ಹೊಟ್ಟಿ ಹಸದು ಸಾಯಾಕತ್ತೇನಿ, ಮೊದಲ ತಾಟು ಹಾಕ್ರಿ" ಎಂದು ಚಾಪೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು.

ದೊಡ್ಡವ್ವನಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಆರತಿಗೆ ತಾನೇ ನೋಡಿ ಬಡಿಸಬೇಕೆಂದಿದ್ದ ಕರುಣಾ, ಬುದ್ಧವಂದನೆ ಮಾಡಿಸಿದ ಭಿಕ್ಷು ಭಂತೇಜಿಯವರನ್ನು ಬೀಳ್ಕೊಡಲು ರಸ್ತೆಯ ತನಕ ಹೋಗಿದ್ದಳು. ದೊಡ್ಡವ್ವ ಶೇಂಗಾ ಚಟ್ನಿಪುಡಿ ಹಾಕಲು ಹೋದಳು. ಆರತಿ ತಾಟಿನ ಮೇಲೆ ಕೈ ಅಡ್ಡ ಹಿಡಿದಳು. ಬದನೆಕಾಯಿ ಎಣಗಾಯಿ ತಂದಳು. ಅದರೊಳಗೂ ಶೇಂಗಾ ಪುಡಿ. ಆರತಿ ಮತ್ತೆ ಕೈ ಅಡ್ಡ ಹಿಡಿದಳು. ಹೋಳಿಗೆ ತಂದಳು. ಮೂರನೆಯ ಸಲವೂ ಅದೇ ಕೈ ಅಡ್ಡ ಬಂತು.

"ನನಗ ಶೇಂಗಾ ಆಗೂದಿಲ್ರಿ ಅವ್ವಾರ. ಅನ್ನ ಸಾರು ಹಾಕ್ರಿ, ಹೊಟ್ಟಿ ತುಂಬ ಉಣ್ತೇನಿ."

ನಮ್ಮ ಅಡುಗೆಯಲ್ಲಿ ಶೇಂಗಾ ಇಲ್ಲದ್ದು ಏನಿದೆ ಹೇಳಿ? ಅದನ್ನು ಬಿಟ್ಟವಳು ಊಟವನ್ನೇ ಬಿಟ್ಟಂತೆ ಕಾಣುತ್ತಾಳೆ. ದೊಡ್ಡವ್ವನ ಕೈ ಹೋಳಿಗೆ ಹಿಡಿದುಕೊಂಡು ಹಾಗೆಯೇ ನಿಂತಿತು. ಉಪವಾಸ, ಹಲ್ಲು ನೋವು, ಶುಗರ್, ಈಗ ಇದು. ಅವಳ ಮುಖ ಸಣ್ಣದಾಯಿತು. ಅದನ್ನು ಆರತಿ ನೋಡಿದಳು.

"ನಮ್ಮನಿಯವರಿಗೂ ಹಾಲು ಆಗೂದಿಲ್ಲವ್ವಾ" ಅಂದಳು ದೊಡ್ಡವ್ವ. "ಆದ್ರ ಚಾದಾಗ ಒಂದೀಟು ಕುಡೀತಾರ, ಏನೂ ಆಗೂದಿಲ್ಲ. ಒಂದು ತುತ್ತು ಮುರಕೋ ತಂಗಿ. ನನ್ನ ಸಮಾಧಾನಕ್ಕ."

ಆರತಿ ಅಡ್ಡ ಹಿಡಿದ ಕೈ ತೆಗೆದಳು. ಆಮೇಲೆ ನಕ್ಕಳು. "ಹಾಕ್ರಿ. ಭಾಳಂದ್ರ ನಾಕು ಗಂಧಿ ಏಳ್ತಾವು, ಏಳಲಿ ಬಿಡ್ರಿ" ಎಂದು ತುಪ್ಪದಲ್ಲಿ ಅದ್ದಿ ಒಂದು ತುತ್ತು ತಿಂದಳು. "ಭಾಳ ಛಲೋ ಆಗ್ಯಾವ್ರಿ" ಎಂದು ಇನ್ನೊಂದು ತುಂಡು ಮುರಿದಳು. ದೊಡ್ಡವ್ವನಿಗೆ ಕಣ್ಣು ತುಂಬಿ ಬಂದವು.

ಮೊದಲು ತುಟಿ ತುರಿಸಿತು. ನಂತರ ಕುತ್ತಿಗೆಯ ಮೇಲೆ ಗಂಧೆಗಳು ಎದ್ದವು. "ಏನಿಲ್ರಿ, ಪಿತ್ತ. ಕಂಬಳಿ ಐತೇನು? ನಮ್ಮವ್ವ ಕಂಬಳಿ ತಿಕ್ಕಿ ಅಮಸೋಲದ ನೀರು ಕುಡಸ್ತಾಳ, ಇಳೀತಾವು" ಎಂದು ಆರತಿಯೇ ಹೇಳಿದಳು. ದೊಡ್ಡಪ್ಪನ ಕಂಬಳಿ ಬಂತು. ದೊಡ್ಡವ್ವ ತಿಕ್ಕಿದಳು, ಪಕ್ಕದ ಮನೆಯ ಅಲ್ಫಿಯಾ ಅಮಸೋಲ ಕಿವುಚಿ ತಂದಳು. ಅದನ್ನು ಕುಡಿದವಳು ವಾಂತಿ ಮಾಡಿಕೊಂಡಳು. ದನಿ ಕಟ್ಟಿತು. ಕಿಟಕಿ ತೆಗೆಯಿರಿ ಎಂದು ಕೈಸನ್ನೆ ಮಾಡಿದಳು. ಆಗ ಕರುಣಾ ಒಳಗೆ ಬಂದಳು. ತಾಟು ನೋಡಿದಳು, ಹೋಳಿಗೆ ನೋಡಿದಳು, ಚೀರಿದಳು. ಅಲ್ಫಿಯಾಳ ಮಾವ ಗೌಸಸಾಬ ಆಟೋ ತೆಗೆದ. ಆಸ್ಪತ್ರೆಯಲ್ಲಿ ಡಾಕ್ಟರು ತೊಡೆಗೆ ಇಂಜೆಕ್ಷನ್ ಕೊಟ್ಟರು, ಎದೆ ಒತ್ತಿದರು, ಕೈಲಾದದ್ದನ್ನೆಲ್ಲ ಮಾಡಿದರು. ಹೊತ್ತು ಮೀರಿತ್ತು, ಆರತಿ ಉಳಿಯಲಿಲ್ಲ. ಆ ಇಂಜೆಕ್ಷನ್ ಗಂಧೆ ಏಳುತ್ತಲೇ ಬೀಳಬೇಕಿತ್ತು. ಆ ಹೊತ್ತನ್ನು ಕಂಬಳಿ ತಿಂದಿತ್ತು.

ಆಮೇಲೆ ಊರಿನ ಬಾಯಿ ತೆರೆಯಿತು. ಅವರು ಊಟದಲ್ಲಿ ಮದ್ದು ಹಾಕಿದ್ದಾರೆ ಎಂದು ಒಬ್ಬರು ಅಂದರು, ಹತ್ತು ಮಂದಿ ನಂಬಿದರು. ಸೋಡಾ ಕುಡಿದು ಹೋದವರೇ, "ಅದಕ್ಕ ನಾವು ಅಲ್ಲೆ ಉಣ್ಣಲಿಲ್ಲ ನೋಡ್ರಿ" ಎಂದರು. ಪೊಲೀಸರು ಬಂದು ಹೋಳಿಗೆ ಒಯ್ದರು, ಪರೀಕ್ಷೆ ಮಾಡಿಸಿದರು. ವಿಷವಿಲ್ಲ ಎಂದು ವರದಿ ಬಂತು. ಅದೇ ಹೋಳಿಗೆಯನ್ನು ತಿಂದ ಉಳಿದವರೆಲ್ಲ ಗಟ್ಟಿಮುಟ್ಟಾಗಿದ್ದರು. ಆದರೂ ದೊಡ್ಡವ್ವ ಬಡಿಸುವುದನ್ನೇ ಬಿಟ್ಟುಬಿಟ್ಟಳು. ಗಂಡ, ಮಗಳಿಗೆ ಅನ್ನ ಬೇಯಿಸಿ ಇಡುತ್ತಾಳೆ, ಅವರೇ ಹಾಕಿಕೊಳ್ಳಬೇಕು. ಶೇಂಗಾ ಒಂದು ಕಾಳೂ ಆ ಮನೆಗೆ ಮತ್ತೆ ಬರಲಿಲ್ಲ.

ಒಂದು ಸಂಜೆ ಹಿತ್ತಲ ಕಟ್ಟೆಯ ಮೇಲೆ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತವಳು ನನ್ನನ್ನು ಕೇಳಿದಳು. "ಸಂಘಾ, ನೀ ಹುಡುಗರಿಗೆ ಇದನ್ನೆಲ್ಲ ಕಲಸ್ತೀಯಂತ. ಹೇಳು. ವಿಷ ಇಲ್ಲಂದ್ರ ನನ್ನ ಹೋಳಗಿ ಆಕೀನ ಹ್ಯಾಂಗ ಕೊಂದ್ತು?"

ಕ್ಲಾಸಿನಲ್ಲಿ ಹಲಗೆಯ ಮೇಲೆ ಚಿತ್ರ ಬರೆದು ಹೇಳುವ ಪಾಠ. ಅವಳ ಮುಂದೆ ನಾನೂ ಒಂದು ಹಿಡಿ ಸೊಪ್ಪು ತೆಗೆದುಕೊಂಡು ಶುರುಮಾಡಿದೆ.

"ಮೈಯೊಳಗ ರೋಗದ ಕೂಡ ಹೊಡದಾಡೂ ಕಾವಲಿನವರು ಇರ್ತಾರ ದೊಡ್ಡವ್ವ. ತಿನ್ನೂ ಪದಾರ್ಥ ಬಂದ್ರ ಇದು ನಮ್ಮದ ಅಂತ ಸುಮ್ಮನಿರಬೇಕು ಅವರು. ಆರತಿ ಮೈಯಾಗ ಶೇಂಗಾನ್ನ ವೈರಿ ಅಂತ ತಿಳಕೊಂಡಿದ್ರು. ಆಕಿ ಸಣ್ಣಾಕಿದ್ದಾಗನ ಅದರ ಗುರುತು ಹಿಡದು ಇಟ್ಕೊಂಡಿದ್ರು."

ಆ ಗುರುತಿಗೆ ಪುಸ್ತಕದಲ್ಲಿ ಐಜಿಇ ಪ್ರತಿಕಾಯ ಎನ್ನುತ್ತೇವೆ. ಶೇಂಗಾದ ಪ್ರೋಟೀನನ್ನು ಮಾತ್ರ ಹಿಡಿಯುವ ಕೊಕ್ಕೆಗಳು ಅವು. ಚರ್ಮ, ಗಂಟಲು, ಶ್ವಾಸನಾಳ, ಕರುಳು, ಎಲ್ಲ ಕಡೆ ಮಾಸ್ಟ್ ಕೋಶಗಳೆಂಬ ಕೋಶಗಳಿವೆ, ಅವುಗಳ ಮೈಮೇಲೆ ಈ ಕೊಕ್ಕೆಗಳು ವರ್ಷಗಟ್ಟಲೆ ಕಾದು ಕೂತಿರುತ್ತವೆ. ಶೇಂಗಾ ಮತ್ತೆ ಬಂದು ಅವಕ್ಕೆ ಸಿಕ್ಕಿಕೊಂಡ ಕೂಡಲೇ ಆ ಕೋಶಗಳು ಹಿಸ್ಟಮಿನ್ ಮೊದಲಾದ ರಸಗಳನ್ನು ಒಮ್ಮೆಲೇ ಹೊರಗೆ ಚೆಲ್ಲುತ್ತವೆ. ರಕ್ತನಾಳಗಳು ಸಡಿಲಾಗಿ ಸೋರುತ್ತವೆ, ಗಂಟಲು ಬಾತುಕೊಳ್ಳುತ್ತದೆ, ಉಸಿರಿನ ದಾರಿ ಬಿಗಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೋದ ಸಲ ಬರೀ ಗಂಧೆ ಎದ್ದಿದ್ದರೆ ಈ ಸಲವೂ ಅಷ್ಟೇ ಎಂಬ ಭರವಸೆಯಿಲ್ಲ. ಇದನ್ನೆಲ್ಲ ಅವಳಿಗೆ ತಿಳಿಯುವಂತೆ ಹೇಳಿದೆ.

"ಮತ್ತ ಇವರ ಹಾಲು?"

"ಅದು ಬ್ಯಾರೆ ದೊಡ್ಡವ್ವ. ಅಲ್ಲಿ ಕಾವಲಿನವರು ಏಳೂದ ಇಲ್ಲ, ಹೊಟ್ಟ್ಯಾಗ ಅರಗೂದಿಲ್ಲ ಅಷ್ಟ. ಅದಕ್ಕ ಈಟು ಕುಡದ್ರ ನಡೀತೈತಿ. ಇದಕ್ಕ ಒಂದು ತುತ್ತೂ ನಡಿಯೂದಿಲ್ಲ."

"ಎಲ್ಲಾ ಬಿಟ್ಟು ಆಕಿ ಮೈಯಾಗ ಯಾಕ?"

"ಪೂರಾ ಯಾರಿಗೂ ಗೊತ್ತಿಲ್ಲ. ಒಂದೊಂದು ಮನೆತನದಾಗ ಬರ್ತೈತಿ. ಒಂದೊಂದು ಕೂಸಿಗೆ ಚರ್ಮ ಬಿರಿದಿದ್ರ ಶೇಂಗಾದ ಕಣ ಅಲ್ಲಿಂದನ ಒಳಗ ಹೊಕ್ಕು ವೈರಿ ಆಗ್ತೈತಿ."

"ತಿಂದ ಮ್ಯಾಲ ಎಷ್ಟೊತ್ತಿಗೆ ಗೊತ್ತಾಗ್ತೈತಿ?"

"ಬಹುತೇಕ ಆಗಿಂದಾಗ. ಒಮ್ಮೊಮ್ಮೆ ಎರಡು ತಾಸು ಹಿಡೀತೈತಿ."

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ಶೇಂಗಾದ ತಪ್ಪಿಲ್ಲ?"

"ಇಲ್ಲ."

"ಆಕಿ ಮೈದು?"

"ಅದು ಕಾಯಾಕ ಹೋಗಿತ್ತು ದೊಡ್ಡವ್ವ."

"ಹಂಗಾದ್ರ ತಪ್ಪು ನಂದ" ಎಂದು ಎದ್ದು ಒಳಗೆ ಹೋದಳು.

ನನಗೆ ಕಟ್ಟೆಯ ಕಲ್ಲನ್ನು ಒದೆಯುವಷ್ಟು ಸಿಟ್ಟು ಬಂತು. ತಪ್ಪು ಇವಳದಂತೆ! ಜೀವಮಾನವೆಲ್ಲ ಸುಳ್ಳು ನೆಪ ಹೇಳಿ ಹೇಳಿ, ಕಡೆಗೆ ಖರೇ ಹೇಳಿದವಳ ಮಾತನ್ನೂ ಇವಳು ನಂಬದಂತೆ ಮಾಡಿದರಲ್ಲ, ಆ ಮಂದಿಯದೇನೂ ಇಲ್ಲವೇ? ಅವರೆಲ್ಲ ಆರಾಮ ಇದ್ದಾರೆ. ಸತ್ತದ್ದು, ಕೂತು ಉಂಡ ಹುಡುಗಿ.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಬಾಗಿಲ ಮುಂದೆ ಆಟೋ ನಿಂತಿತು. ಗೌಸಸಾಬನ ಹಿಂದೆ ಇಳಿದವರು ವಿಭೂತಿ ಹಚ್ಚಿದ, ಇಳಕಲ್ ಸೀರೆಯ ಹೆಂಗಸು. ಕರುಣಾ ಗುರುತು ಹಿಡಿದಳು. ಆರತಿಯ ಅವ್ವ, ಬಾಳವ್ವನವರು. ಗಂಡನಿಗೆ ಹೇಳದೆ ಸುಳ್ಳದಿಂದ ಬಸ್ಸು ಹತ್ತಿ ಬಂದಿದ್ದರು. ನಾನೂ ಅಲ್ಲೇ ಇದ್ದೆ. ಜಗಳಕ್ಕೆ ಬಂದಿದ್ದರೆ ಉತ್ತರ ಕೊಡಲು ಸೆರಗು ಬಿಗಿದುಕೊಂಡೆ.

ಅವರು ಜಗಳಕ್ಕೆ ಬಂದಿರಲಿಲ್ಲ. ಚಾಪೆಯ ಮೇಲೆ ಕೂತು, ದೊಡ್ಡವ್ವನ ಮುಖವನ್ನೇ ನೋಡಿ ಕೇಳಿದರು. "ನಮ್ಮಾಕೀಗಿ ಗೊತ್ತಿತ್ರಿ ಆಗೂದಿಲ್ಲಂತ. ನನ್ನ ಕೈಲೆ ಕೊಟ್ರೂ ತಿಂತಿದ್ದಿಲ್ಲ. ನಿಮ್ಮ ಮನ್ಯಾಗ ಯಾಕ ತಿಂದ್ಲು?"

"ನನ್ನ ಮಾರಿ ನೋಡಿ ತಿಂದ್ಲ್ರಿ" ಅಂದಳು ದೊಡ್ಡವ್ವ. "ಒಲ್ಲೆ ಅಂದ್ಲು. ನಾ ನಂಬಲಿಲ್ಲ. ನಮ್ಮ ಮನೀದಂತ ಒಲ್ಲೆ ಅಂತಾಳ ಅಂದುಕೊಂಡೆ. ನನ್ನ ಮಾರಿ ಸಣ್ಣದಾತು. ಅದನ್ನ ನೋಡಿ ತಿಂದ್ಲು. ಪಿತ್ತಂತ ಕಂಬಳಿ ತಿಕ್ಕಿದೆ."

ಬಾಳವ್ವನವರು ಚಾಪೆಯ ಅಂಚನ್ನು ಬೆರಳಿನಿಂದ ಸವರಿದರು. "ಕಂಬಳಿ ಕಲಿಸಿಕೊಟ್ಟಾಕಿ ನಾನ" ಅಂದರು. ಆಮೇಲೆ, "ನಮ್ಮ ಹಿತ್ತಲದಾಗ ಒಂದು ವಾಟಗಾ ಬ್ಯಾರೆ ಇಟ್ಟಿದ್ವಿ. ಹೊಲದ ಕೆಲಸಕ್ಕ ಬರೂ ನಿಮ್ಮವರಿಗೆ ಚಾ ಹಾಕಾಕ. ಸಣ್ಣಾಕಿದ್ದಾಗ ಅದರಾಗ ನೀರು ಕುಡದ್ಲಂತ ಆಕೀನ ಹೊಡದಿದ್ದೆ. ಅವತ್ತಿಂದ ಆ ವಾಟಗಾ ಕಂಡ್ರ ತಲಿ ತಗ್ಗಸ್ತಿದ್ಲು" ಅಂದರು. ಮೂಗು ಒರೆಸಿಕೊಂಡರು. "ಮುಂಜಾನಿಂದ ಏನೂ ತಿಂದಿಲ್ರಿ. ಆಕಿ ಕಡೀ ತುತ್ತು ಉಂಡ ಮನ್ಯಾಗ ನನಗೊಂದೀಟು ಬಡಸ್ರಿ."

ದೊಡ್ಡವ್ವ ಜೀವಮಾನವಿಡೀ ಕಾದದ್ದು ಈ ಮಾತಿಗೆ. ಈಗ ಅದು ಬಂದಾಗ ಅವಳು ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಕರುಣಾ ತಾನು ಬಡಿಸುತ್ತೇನೆ ಎಂದು ಎದ್ದಳು. ದೊಡ್ಡವ್ವ ಅವಳನ್ನು ಸರಿಸಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು, ಒಳಗೆ ಹೋಗಲಿಲ್ಲ.

"ನಿಮಗ ಆಗಲಾರದ್ದು ಏನರ ಐತೇನ್ರಿ?"

"ಏನೂ ಇಲ್ರಿ."

"ಖರೇ ಹೇಳ್ರಿ. ನನ್ನ ಮಾರಿ ನೋಡಬ್ಯಾಡ್ರಿ. ಶೇಂಗಾ, ಎಳ್ಳು, ಹಾಲು, ಏನಿದ್ರೂ ಹೇಳ್ರಿ. ನಾ ಏನೂ ಅಂದುಕೊಳ್ಳೂದಿಲ್ಲ."

"ಏನೂ ಇಲ್ರಿ ಯಕ್ಕಾ" ಎಂದು ಬಾಳವ್ವನವರು ಜೋರಾಗಿ ಅತ್ತುಬಿಟ್ಟರು.

ದೊಡ್ಡವ್ವ ಒಲೆ ಹಚ್ಚಿ ರೊಟ್ಟಿ ಬಡಿದಳು. ಬಿಸಿ ರೊಟ್ಟಿ, ಮೆಂತ್ಯೆಪಲ್ಯ ತಾಟಿಗೆ ಹಾಕಿ ಮುಂದಿಟ್ಟು, ಎದುರಿಗೇ ಕೂತಳು. ಬಾಳವ್ವನವರು ಮುರಿದು ಬಾಯಿಗಿಟ್ಟ ಪ್ರತಿ ತುತ್ತಿಗೂ ಅವಳ ಕಣ್ಣು ಅವರ ತುಟಿಯಿಂದ ಗಂಟಲಿಗೆ, ಗಂಟಲಿನಿಂದ ಕುತ್ತಿಗೆಯ ಚರ್ಮಕ್ಕೆ ಇಳಿಯುತ್ತಿತ್ತು. ಅವರು ರುಚಿಯ ಮಾತಾಡಲಿಲ್ಲ, ಇವಳೂ ಕೇಳಲಿಲ್ಲ. ತಾಟಿನಲ್ಲಿ ಏನೂ ಉಳಿಯಲಿಲ್ಲ.

ಕೈ ತೊಳೆದುಕೊಂಡು ಬಾಳವ್ವನವರು ಬಸ್ಸಿಗೆ ಹೊತ್ತಾಯಿತೆಂದು ಸೆರಗು ಹೊದ್ದು ಎದ್ದರು. ಗೌಸಸಾಬ ಆಗಲೇ ಆಟೋ ತಿರುಗಿಸಿ ನಿಲ್ಲಿಸಿದ್ದ. ದೊಡ್ಡವ್ವ ಅವರ ಕೈ ಹಿಡಿದುಕೊಂಡಳು.

"ಈಗ ಹೋಗಬ್ಯಾಡ್ರಿ. ಎರಡು ತಾಸು ಕುಂದರ್ರಿ."

ಬಾಳವ್ವನವರು ಅವಳ ಮುಖ ನೋಡಿದರು. ಸೆರಗು ಸಡಿಲಿಸಿ ಮತ್ತೆ ಚಾಪೆಯ ಮೇಲೆ ಕೂತರು. ದೊಡ್ಡವ್ವ ಕೈ ಬಿಡದೆ ಪಕ್ಕದಲ್ಲಿ ಕೂತಳು.